ಕಾಡಿನ ಚರಿತ್ರೆ, ಭಾಗ 4: ತರಗು ಬೆಂಕಿ

1974ರಲ್ಲಿ ಬಿಳಿಗಿರಿರಂಗನಬೆಟ್ಟ ಅಭಯಾರಣ್ಯ ಆಯ್ತು. ಅನೇಕ ಸೋಲಿಗರನ್ನ ಕಾಡೊಳಗಿನ ಪೋಡುಗಳಿಂದ ಎಬ್ಬಿಸಿ ಅಂಚಿಗೆ ಕಳಿಸಿದ್ರು. ಬೇಸಿಗೆ ಬಿರುಸಾಗೋ ಮೊದಲು ಅವರು ಒಣಗಿದೆಲೆಗೆ ಹಾಕ್ತಿದ್ದ ‘ತರಗು ಬೆಂಕಿ’ಯೂ ನಿಂತಿತು.

ಆಮೇಲೆ ಲಂಟಾನ ಹಬ್ಬಿತು. ಆ ಸಣ್ಣ ಬೆಂಕಿ ಲಂಟಾನ ಸಸಿಗಳನ್ನ ಸುಡ್ತಿತ್ತು, ಹುಲ್ಲು ಚಿಗುರ್ತಿತ್ತು ಅಂತಾರೆ ಸೋಲಿಗ ಹಿರಿಯರು. ಬರೀ ಗಿಡ, ಪ್ರಾಣಿ ಎಣಿಸಿದ್ರೆ ಈ ಮಾತು ಸಿಗಲ್ಲ. ಜನರ ಜೊತೆ ಕೂತು ಕೇಳಬೇಕು. ಸಮಾಜ ವಿಜ್ಞಾನದ ಕೆಲಸ ಇದೇ. ಸಂಶೋಧಕರು ಸೋಲಿಗರ ಜೊತೆ ನಡೆದು ಅವರ ಪೂಜಾ ಸ್ಥಳಗಳ ನಕ್ಷೆ ಮಾಡಿದ್ರು.

2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯ್ತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕೂ ಸಿಕ್ಕಿತು. ಆದ್ರೆ ಅಭಯಾರಣ್ಯದಲ್ಲಿ ಬೆಂಕಿ ಹಾಕೋದು ಇವತ್ತಿಗೂ ಅಪರಾಧ.

ನೀವೇ ಹೇಳಿ: ಕಾಡಿನ ನೀತಿ ಬರೆಯೋವಾಗ ಆ ಹಿರಿಯರಿಗೂ ಒಂದು ಕುರ್ಚಿ ಬೇಡ್ವಾ?