ಬಯಲುಕೋಟೆಯ ಕಂದಕ

ಮಳೆ ಕೈಕೊಟ್ಟರೆ ಕೆರೆಯೇ ಒಣಗುವ ಅಗಳಿ, ಮಡಕಶಿರಾ ಸೀಮೆಯಲ್ಲಿ ಕೋಟೆಗೆ ಕಂದಕ ಏಕೆ ಬೇಕಿತ್ತು? ಅಗಳಿಯ ನೆರೆಯ ರೊಳ್ಳ ಮಂಡಲದ ರತ್ನಗಿರಿಯನ್ನು ಆಳುತ್ತಿದ್ದ ಕಸ್ತೂರಿ ರಂಗಪ್ಪನಾಯಕನಿಗೆ ಅಲ್ಲಿ ಬೆಟ್ಟವೇ ಅರ್ಧ ಕೋಟೆಯಾಗಿತ್ತು. ಅವನು ಹತ್ತಿರದಲ್ಲೇ ಕಟ್ಟಲು ಕೈಹಾಕಿದ ಶಿರಾ ಕೋಟೆ ಮಾತ್ರ ಬಯಲಿನದು. ಅದು ಮುಗಿಯುವ ಮೊದಲೇ ಬಿಜಾಪುರದ ರಣದುಲ್ಲಾಖಾನ ಊರು ಹಿಡಿದ, ಉಳಿದ ಕೆಲಸವನ್ನು ಬಿಜಾಪುರದವರ ಅಧಿಕಾರಿ ಮಲಿಕ್ ಹುಸೇನ ಪೂರೈಸಿದ. ಬೆಟ್ಟ ಕೊಡುತ್ತಿದ್ದ ಕಡಿದಾದ ಏರನ್ನು ಬಯಲಿನಲ್ಲಿ ನೆಲ ಅಗೆದೇ ಪಡೆಯಬೇಕು. ಆದ್ದರಿಂದ ಕಂದಕದ ಮುಖ್ಯ ಗುಣ ಆಳ, ನೀರು ಆಮೇಲಿನದು. ಒಣ ಕಂದಕಕ್ಕೆ ಇಳಿದ ಆಳು ಏಣಿಯನ್ನು ಅದರ ತಳದಲ್ಲೇ ಊರಬೇಕು. ಏಣಿ ಉದ್ದವಾದಷ್ಟೂ ಭಾರ, ಹೊತ್ತವನು ಅಷ್ಟು ಹೊತ್ತು ಕೊತ್ತಲದ ಗುಂಡಿಗೆ ಗುರಿ. ಆನೆ ಗೋಡೆಯ ಬುಡ ಮುಟ್ಟುವುದಿಲ್ಲ, ಸುರಂಗ ಕೊರೆಯುವವನು ಇನ್ನೂ ಕೆಳಗೆ ಹೋಗಬೇಕು. ಕಂದಕದಲ್ಲಿ ಮೊಸಳೆ ಬಿಟ್ಟಿದ್ದರೆಂಬ ಕಥೆ ಊರೂರಲ್ಲೂ ಸಿಗುತ್ತದೆ. ಏಣಿಯ ಉದ್ದದ ಮಾತು ಯಾರೂ ಆಡುವುದಿಲ್ಲ.

ನೀರಿದ್ದರೆ ಲಾಭವಿಲ್ಲವೆಂದಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಹೊರಗೋಡೆಯ ಬಿರುಕನ್ನು ಇಂಗ್ಲಿಷರು ಕೆಲವೇ ನಿಮಿಷಗಳಲ್ಲಿ ಹತ್ತಿದರು. ಎದುರಿಗೆ ಅವರು ಎಣಿಸಿರದ ಒಳಕಂದಕ, ತುಂಬ ನೀರು. ಕೆಲಸಗಾರರು ಓಡಾಡಲು ಬಿಟ್ಟಿದ್ದ ಕಿರುದಾರಿಯೊಂದು ಕಣ್ಣಿಗೆ ಬೀಳದಿದ್ದರೆ ಆ ಮಧ್ಯಾಹ್ನದ ಲೆಕ್ಕವೇ ಬೇರೆಯಾಗುತ್ತಿತ್ತು. ಆದರೆ ಅಲ್ಲಿ ಕಾವೇರಿಯಿತ್ತು; ಶಿರಾದ ಸುತ್ತ ಅಂಥ ನದಿಯಿಲ್ಲ.

ಇಷ್ಟಾದರೂ ಶಿರಾ ಪದೇಪದೇ ಕೈಬದಲಾಯಿತಲ್ಲ ಎಂದು ಕೇಳಬಹುದು. 1687ರಲ್ಲಿ ಮೊಗಲರು, 1757ರಲ್ಲಿ ಮರಾಠರು, 1761ರಲ್ಲಿ ಹೈದರ್ ಅದನ್ನು ಪಡೆದದ್ದು ನಿಜ. ಆದರೆ ಮುಂದೆ ಹೈದರನ ಭಾವಮೈದುನ ಮೀರ್ ಅಲಿ ರಜಾಖಾನ್ ಗುರ್ರಂಕೊಂಡದ ಆಸೆಗೆ ಶಿರಾವನ್ನು ಪೇಶ್ವೆ ಮಾಧವರಾಯನಿಗೆ ಒಪ್ಪಿಸಿದ. ಕಿಲ್ಲೇದಾರನೇ ಬಾಗಿಲು ತೆರೆದ ಮೇಲೆ ಕಂದಕ ಏನು ಮಾಡೀತು? ಕಂದಕ ಗಳಿಸಿಕೊಡುವುದು ಸಮಯವನ್ನು. ಆ ಸಮಯದಲ್ಲಿ ಹೊರಗಿನಿಂದ ನೆರವು ಬರದಿದ್ದರೆ, ಒಳಗಿನವರು ನಿಲ್ಲದಿದ್ದರೆ ಅದು ವ್ಯರ್ಥ. ಅದರ ಬೆಲೆ ಗೊತ್ತಿದ್ದವನು ಜಪಾನಿನ ತೊಕುಗಾವಾ ಇಯೆಯಾಸು. 1614ರ ಚಳಿಗಾಲದಲ್ಲಿ ಒಸಾಕಾ ಕೋಟೆ ಬಗ್ಗದಿದ್ದಾಗ ಸಂಧಿ ಮಾಡಿಕೊಂಡು, ಸಂಧಿಯ ನೆಪದಲ್ಲೇ ಕಂದಕಗಳನ್ನು ಮಣ್ಣು ತುಂಬಿ ಮುಚ್ಚಿಸಿದ. 1615ರ ಬೇಸಿಗೆಯಲ್ಲಿ ಅದೇ ಕೋಟೆ ಬಿತ್ತು. ಶಿರಾದ ಗೋಡೆ ಎಷ್ಟು ಎತ್ತರವೆಂದು ಕೇಳುವವರು ಕಂದಕದ ತಳದಿಂದ ಅಳೆಯಬೇಕು.