ಹೆಸರು ಕೊರೆದ ತಗಡು

ನಮ್ಮ ಅಮ್ಮಿನಬಾವಿಯ ಹಳೆಯ ಮನೆಗಳ ಅಟ್ಟದ ಮೇಲೆ ಹೆಸರು ಕೊರೆಸಿದ ಹಿತ್ತಾಳಿ ಪಾತ್ರೆಗಳಿರುತ್ತವೆ. ಹೆಸರು ಓದಿದ ಮಾತ್ರಕ್ಕೆ ಪಾತ್ರೆ ಯಾರದೆಂದು ತಿಳಿಯದು. ಅದು ಆಯೇರಿ ಮಾಡಿದವರ ಹೆಸರಿರಬಹುದು, ತವರಿನವರದಿರಬಹುದು. ಎರಡನೇ ಮಹಾಯುದ್ಧದಲ್ಲಿ ಉರುಳಿದ ಜಪಾನಿ ವಿಮಾನಗಳ ಚೂರುಗಳನ್ನು ಗುರುತಿಸುವವರ ಪೇಚಾಟವೂ ಇಂಥದೇ.

1943ರ ಡಿಸೆಂಬರ್ 5ರಂದು ಕಲಕತ್ತೆಯ ಬಂದರಿನ ಮೇಲೆ ಜಪಾನಿನ ಭೂಸೇನೆ, ನೌಕಾಸೇನೆ ಎರಡರ ವಿಮಾನಗಳೂ ದಾಳಿ ಮಾಡಿದವು. ಬಾಂಬರುಗಳ ಕಾವಲಿಗೆ ಭೂಸೇನೆಯ ಹಯಾಬುಸಾ, ನೌಕಾಸೇನೆಯ ಝೀರೊ ಬಂದಿದ್ದವು. ದೂರದಿಂದ ನೋಡಿದರೆ ಎರಡೂ ಅಕ್ಕತಂಗಿಯರ ಹಾಗೆ. ಎಂಜಿನ್ ಕೂಡ ನಕಾಜಿಮಾ ಕಂಪನಿಯ ಒಂದೇ ಮನೆತನದ್ದು. ಝೀರೊವನ್ನು ರೂಪಿಸಿದವರು ಮಿತ್ಸುಬಿಷಿಯವರಾದರೂ ಅರ್ಧಕ್ಕಿಂತ ಹೆಚ್ಚು ತಯಾರಾದದ್ದು ನಕಾಜಿಮಾದಲ್ಲಿ. ಹಾಗಾಗಿ ಎಂಜಿನ್ನಿನ ಮೇಲೆ ಕಂಪನಿಯ ಹೆಸರು ಸಿಕ್ಕರೂ ವಿಮಾನ ಯಾವುದೆಂದು ಹೇಳಲಾಗದು.

ಆಗ ಕೈಹಿಡಿಯುವುದು ಬಂದೂಕು. ಝೀರೊಗೆ ಎರಡು ರೆಕ್ಕೆಗಳಲ್ಲೂ 20 ಮಿಲಿಮೀಟರಿನ ದೊಡ್ಡ ಬಂದೂಕುಗಳು. ಹಯಾಬುಸಾದ ರೆಕ್ಕೆ ಬರಿದು. ಅದರ ಎರಡು ಬಂದೂಕುಗಳೂ ಮೂತಿಯ ಮೇಲೆಯೇ. ಆದರೆ 20 ಮಿಲಿಮೀಟರಿನ ಬಂದೂಕು ಬಿಡಿಯಾಗಿ ಸಿಕ್ಕರೆ ಸಾಲದು. ಅಂದು ಬಂದಿದ್ದ ನೌಕಾಸೇನೆಯ ಬಾಂಬರಿನ ಬಾಲದಲ್ಲಿಯೂ ಅದೇ ಅಳತೆಯದೊಂದು ಇರುತ್ತಿತ್ತು. ರೆಕ್ಕೆಯಲ್ಲಿ ಬಿಗಿದದ್ದೋ, ಕೈಯಿಂದ ತಿರುಗಿಸುವಂಥದೋ ಎಂದು ನೋಡಬೇಕು. ಬಂದೂಕಿನಷ್ಟೇ ಅದು ಕೂತ ಜಾಗವೂ ಮುಖ್ಯ.

ಕೊನೆಗೆ ಭಾಗಗಳ ಮೇಲಿನ ಸಣ್ಣ ತಗಡು. ಅದರಲ್ಲಿ ತಯಾರಿಕೆಯ ಸಂಖ್ಯೆ, ತಾರೀಖು ಇರುತ್ತವೆ. ಇಸವಿ ಅವರ ಲೆಕ್ಕದ್ದು. ಶೋವಾ 18 ಎಂದರೆ ನಮ್ಮ 1943. ಝೀರೊ ಎಂಬ ಹೆಸರೂ ಹೀಗೆಯೇ ಹುಟ್ಟಿತು. ಅದು ಸೇನೆಗೆ ಸೇರಿದ 1940, ಜಪಾನಿನ ರಾಜವಂಶದ ಲೆಕ್ಕದಲ್ಲಿ 2600. ಅದರ ಕೊನೆಯ ಸೊನ್ನೆಯೇ ವಿಮಾನದ ಹೆಸರಾಯಿತು. ಯುದ್ಧ ನಡೆದಾಗ ಸೈನಿಕರು ಇಂಥ ತಗಡುಗಳನ್ನು ನೆನಪಿಗೆಂದು ಕಿತ್ತು ಜೇಬಿಗಿಳಿಸುತ್ತಿದ್ದರು. ಹಾಗೆ ಮಾಡಬೇಡಿರೆಂದು ಅಧಿಕಾರಿಗಳು ಗೋಗರೆಯಬೇಕಾಯಿತು.

ತುಕ್ಕು ಹಿಡಿದ ಕಬ್ಬಿಣಕ್ಕೆ ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ಹೊರನಾಡುಗಳಲ್ಲಿ ಸತ್ತ ಸುಮಾರು 24 ಲಕ್ಷ ಜಪಾನೀಯರಲ್ಲಿ 11 ಲಕ್ಷಕ್ಕೂ ಹೆಚ್ಚು ಜನರ ಅಸ್ಥಿ ಇನ್ನೂ ಊರು ಸೇರಿಲ್ಲ. ಎಷ್ಟೋ ತಾಯಂದಿರ ಕೈಗೆ ಬಂದದ್ದು ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ. ಒಳಗೆ ಒಂದು ಕಲ್ಲು, ಇಲ್ಲವೆ ಹೆಸರು ಬರೆದ ಚೀಟಿ. 1945ರಲ್ಲಿ ಸೋತಾಗ ಸೇನೆಯ ಕಾಗದಪತ್ರಗಳನ್ನೂ ರಾಶಿರಾಶಿಯಾಗಿ ಸುಟ್ಟರು. ಆ ತಾಯಂದಿರು ಈಗಿಲ್ಲ. ಆದರೂ ತಗಡಿನ ಮೇಲಿನ ಒಂದು ಸಂಖ್ಯೆ ಉಳಿದ ಪುಸ್ತಕದ ಒಂದು ಸಾಲಿಗೆ ಹೊಂದಿದರೆ, ಮೊಮ್ಮಕ್ಕಳಿಗೆ ಒಂದು ಜಾಗ, ಒಂದು ದಿನ ಸಿಗುತ್ತದೆ. ನಮ್ಮ ಊರುಗಳ ಮೇಲೆ ಬಾಂಬು ಹಾಕಲು ಬಂದವನೇ ಇರಬಹುದು. ಅವನ ತಿಥಿಗೆ ದಿನ ಗೊತ್ತಿಲ್ಲದ ಮನೆಯ ಸಂಕಟವನ್ನು ನಾವು ಹೆಣ್ಣುಮಕ್ಕಳು ಬಲ್ಲೆವು.