ಬಾಲಾನಗರದ ಮದ್ದಿನ ಕಾರ್ಖಾನೆ

ಸಿಕಂದರಾಬಾದಿನಿಂದ ಬಾಲಾನಗರದ ಕಡೆ ಹೋದರೆ ‘ಐಡಿಪಿಎಲ್ ಕಾಲೊನಿ’ ಅಂತ ಒಂದು ಜಾಗ ಸಿಗುತ್ತದೆ. ಹೆಸರು ಉಳಿದಿದೆ, ಕಾರ್ಖಾನೆ ಮುಚ್ಚಿದೆ.

ಇಂಡಿಯನ್ ಡ್ರಗ್ಸ್ ಆ್ಯಂಡ್ ಫಾರ್ಮಾಸ್ಯುಟಿಕಲ್ಸ್ ಎಂಬ ಈ ಸರಕಾರಿ ಕಂಪೆನಿ ಹುಟ್ಟಿದ್ದು 1961ರಲ್ಲಿ. ಆಗ ನಮ್ಮ ಮದ್ದಿನ ಮಾರುಕಟ್ಟೆ ಹೆಚ್ಚಾಗಿ ವಿದೇಶಿ ಕಂಪೆನಿಗಳ ಕೈಯಲ್ಲಿತ್ತು. ಬಡವನಿಗೆ ಮದ್ದು ದುಬಾರಿ. ನೆಹರೂ ಸರಕಾರ ಸೋವಿಯತ್ ರಷ್ಯಾದ ನೆರವು ಪಡೆಯಿತು. ಋಷಿಕೇಶದಲ್ಲಿ ಆ್ಯಂಟಿಬಯೋಟಿಕ್, ಮದ್ರಾಸಿನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ, ಹೈದರಾಬಾದಿನಲ್ಲಿ ರಾಸಾಯನಿಕಗಳಿಂದ ತಯಾರಾಗುವ ಮದ್ದು ಅಂತ ಕೆಲಸ ಹಂಚಿಕೆಯಾಯಿತು.

ಇಲ್ಲಿ ತಯಾರಾದದ್ದು ಬರೀ ಮಾತ್ರೆಯಲ್ಲ, ಮಾತ್ರೆಯೊಳಗಿನ ಮೂಲ ಮದ್ದು. ಆ ವಿದ್ಯೆ ಕಲಿತವರಲ್ಲಿ ಕೆಲವರು ಹೊರಗೆ ಬಂದು ಸ್ವಂತ ಘಟಕ ತೆರೆದರು. ಅವರಿಗೆ ದಾರಿ ಮಾಡಿಕೊಟ್ಟದ್ದು 1970ರ ಪೇಟೆಂಟ್ ಕಾಯ್ದೆ. ಅದರ ಪ್ರಕಾರ ಹಕ್ಕು ಮದ್ದಿನ ಮೇಲಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ. ಬೇರೆ ವಿಧಾನ ಗೊತ್ತಿದ್ದರೆ ಅದೇ ಮದ್ದನ್ನು ನೀವೂ ಮಾಡಬಹುದಿತ್ತು, ಅಗ್ಗಕ್ಕೆ ಮಾರಬಹುದಿತ್ತು. ಐಡಿಪಿಎಲ್‌ನಲ್ಲಿ ದುಡಿದಿದ್ದ ಅಂಜಿ ರೆಡ್ಡಿಯವರು 1984ರಲ್ಲಿ ಕಟ್ಟಿದ ಡಾ. ರೆಡ್ಡೀಸ್ ಇವತ್ತು ಅಮೆರಿಕಕ್ಕೂ ಮದ್ದು ಕಳಿಸುತ್ತದೆ.

ಕಲಿಸಿದ ಕಂಪೆನಿ ಮಾತ್ರ ನಷ್ಟದಲ್ಲಿ ಮುಳುಗಿತು. 1992ರಲ್ಲಿ ಅದನ್ನು ‘ರೋಗಗ್ರಸ್ತ ಉದ್ಯಮ’ ಎಂದು ಘೋಷಿಸಲಾಯಿತು. ಮದ್ದಿನ ಕಂಪೆನಿಗೇ ರೋಗ, ನೋಡಿ! ಸರಕಾರಿ ಕಾರ್ಖಾನೆ ಅಂದರೆ ಹೀಗೇ ಅಂತ ನಗುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಲ್ಲಿ ಕಲಿತು ಹೋದವರ ಕೈಕಸುಬು ಆ ನಷ್ಟದ ಲೆಕ್ಕಪುಸ್ತಕದಲ್ಲಿ ಯಾವ ಪುಟದಲ್ಲೂ ಬರೆದಿಲ್ಲ.

2005ರಲ್ಲಿ ಪೇಟೆಂಟ್ ಕಾಯ್ದೆಯೂ ಬದಲಾಯಿತು. ಹಕ್ಕು ಪುನಃ ಮದ್ದಿನ ಮೇಲೆಯೇ ಬಂದು ಕೂತಿತು.